ಎಲೆಯ ಬಣ್ಣ ಬಿಡಿಸಲು ಹೋಗಿ ಪ್ರೋಟೀನ್ ಬೇರ್ಪಡಿಸುವ ದಾರಿ ತೋರಿಸಿದ ಮಿಖಾಯಿಲ್ ತ್ಸ್ವೆತ್ ಯಾರು?

ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರಿದ್ದರೆ ಅವರ ಎಚ್‌ಬಿಎ1ಸಿ ರಿಪೋರ್ಟನ್ನು ಒಮ್ಮೆ ತೆಗೆದು ನೋಡಿ. ಫಲಿತಾಂಶದ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ ಎಚ್‌ಪಿಎಲ್‌ಸಿ ವಿಧಾನ ಎಂದು ಅನೇಕ ಲ್ಯಾಬ್‌ಗಳು ನಮೂದಿಸಿರುತ್ತವೆ. ಅದರ ಕೊನೆಯ 'ಸಿ' ಅಂದರೆ ಕ್ರೊಮ್ಯಾಟೋಗ್ರಫಿ. ಒಂದು ಕೊಳವೆಯೊಳಗೆ ಪುಡಿಯೋ ಸಣ್ಣ ಮಣಿಗಳೋ ತುಂಬಿರುತ್ತವೆ. ಅದರ ಮೂಲಕ ಬೆರಕೆ ದ್ರವವನ್ನು ಹರಿಸಿದರೆ ಅದರಲ್ಲಿರುವ ವಸ್ತುಗಳು ಒಂದೊಂದಾಗಿ ಬೇರೆ ಬೇರೆ ಹೊತ್ತಿಗೆ ಹೊರಬರುತ್ತವೆ. ಆ ಕೊಳವೆಗೆ ಲ್ಯಾಬ್‌ನವರು ಹೇಳುವ ಹೆಸರು ಕಾಲಂ.

ಈ ಕಾಲಂ ಅನ್ನು ಮೊದಲು ಕಟ್ಟಿದವರು ವೈದ್ಯರೂ ಅಲ್ಲ, ರಸಾಯನಶಾಸ್ತ್ರಜ್ಞರೂ ಅಲ್ಲ. ಅವರು ಒಬ್ಬ ಸಸ್ಯವಿಜ್ಞಾನಿ, ಹೆಸರು ಮಿಖಾಯಿಲ್ ತ್ಸ್ವೆತ್. ಅವರ ಬಗ್ಗೆ ಇಂಟರ್ನೆಟ್‌ನಲ್ಲಿ ಸಿಗುವ ಕಥೆ ಸಿನಿಮಾ ಥರ ಇದೆ: ಯಾರೂ ನಂಬದ ಬಡಪಾಯಿ ವಿಜ್ಞಾನಿ, ಸತ್ತ ಮೇಲೆ ಲೋಕಪ್ರಸಿದ್ಧ. ಇದು ಅರ್ಧ ನಿಜ. ಉಳಿದರ್ಧ ಇದಕ್ಕಿಂತ ಕುತೂಹಲಕರವಾಗಿದೆ.

ಊರಿಲ್ಲದ ಹುಡುಗ

ತ್ಸ್ವೆತ್ ಹುಟ್ಟಿದ್ದು 1872ರ ಮೇ 14ರಂದು, ಇಟಲಿಯ ಆಸ್ತಿ ಎಂಬ ಊರಿನಲ್ಲಿ. ತಂದೆ ರಷ್ಯಾದ ಸರ್ಕಾರಿ ಅಧಿಕಾರಿ, ತಾಯಿ ಇಟಲಿ ಮೂಲದವರು. ದಂಪತಿ ಪ್ರಯಾಣದಲ್ಲಿದ್ದಾಗಲೇ ಹೆರಿಗೆಯಾಯಿತು. ಸ್ವಲ್ಪ ದಿನಗಳಲ್ಲೇ ತಾಯಿ ತೀರಿಕೊಂಡರು. ತಂದೆ ಕೆಲಸಕ್ಕೆ ರಷ್ಯಾಕ್ಕೆ ಮರಳಬೇಕಿತ್ತು, ಹಾಗಾಗಿ ಕೂಸನ್ನು ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಒಬ್ಬ ದಾದಿಯ ಕೈಗೆ ಒಪ್ಪಿಸಿ ಹೋದರು. ಹುಡುಗ ಬೆಳೆದಿದ್ದು, ಓದಿದ್ದು ಎಲ್ಲ ಅಲ್ಲೇ, ಫ್ರೆಂಚ್ ಮಾತಾಡುವ ನೆಲದಲ್ಲಿ. 1896ರಲ್ಲಿ ಜಿನೀವಾ ವಿಶ್ವವಿದ್ಯಾಲಯ ಅವರಿಗೆ ಸಸ್ಯಕೋಶಗಳ ಮೇಲಿನ ಅಧ್ಯಯನಕ್ಕೆ ಡಾಕ್ಟರೇಟ್ ಕೊಟ್ಟಿತು.

ಅದೇ ವರ್ಷ ಅವರು ತಂದೆಯ ದೇಶಕ್ಕೆ ಹೊರಟರು. ಅಲ್ಲಿ ಕಾದಿದ್ದ ಸುದ್ದಿ ಒಳ್ಳೆಯದಾಗಿರಲಿಲ್ಲ. ವಿದೇಶಿ ಡಾಕ್ಟರೇಟ್ ಇದ್ದವರಿಗೆ ರಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಹುದ್ದೆ ಸಿಗುತ್ತಿರಲಿಲ್ಲ, ರಷ್ಯಾದ ಪದವಿಯೇ ಬೇಕಿತ್ತು. ಡಾಕ್ಟರೇಟ್ ಆದ ಮನುಷ್ಯ ಮತ್ತೆ ಮಾಸ್ಟರ್ಸ್‌ಗೆ ಪ್ರಬಂಧ ಬರೆಯಬೇಕಾಯಿತು. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಲ್ಲಿ ಇಲ್ಲಿ ಪಾಠ ಮಾಡಿಕೊಂಡು, ಪ್ರಯೋಗ ಮಾಡಿಕೊಂಡು, 1901ರಲ್ಲಿ ಕಜಾನ್ ವಿಶ್ವವಿದ್ಯಾಲಯದಿಂದ ಆ ಪದವಿ ಪಡೆದರು. ಆಮೇಲೆ ಸಿಕ್ಕಿದ್ದು ವಾರ್ಸಾದಲ್ಲಿ ಒಂದು ಸಹಾಯಕನ ಕೆಲಸ. ವಾರ್ಸಾ ಇಂದು ಪೋಲೆಂಡಿನ ರಾಜಧಾನಿ, ಆಗ ರಷ್ಯಾ ಸಾಮ್ರಾಜ್ಯದ ಭಾಗವಾಗಿತ್ತು.

ಎಲೆ ಯಾಕೆ ಬಣ್ಣ ಬಿಡುತ್ತಿಲ್ಲ?

ತ್ಸ್ವೆತ್ ಅವರ ತಲೆ ಕೊರೆಯುತ್ತಿದ್ದದ್ದು ಒಂದು ಸಣ್ಣ ವಿಚಿತ್ರ. ಎಲೆಯ ಹಸಿರು ಬಣ್ಣಕ್ಕೆ ಕಾರಣ ಪತ್ರಹರಿತ್ತು, ಅಂದರೆ ಕ್ಲೋರೊಫಿಲ್. ಎಲೆಯಿಂದ ಹೊರತೆಗೆದ ಕ್ಲೋರೊಫಿಲ್ ಪೆಟ್ರೋಲಿಯಂ ಈಥರ್ ಎಂಬ ದ್ರವದಲ್ಲಿ ಸಲೀಸಾಗಿ ಕರಗುತ್ತದೆ. ಆದರೆ ಎಲೆಯನ್ನೇ ಅರೆದು ಅದೇ ದ್ರವಕ್ಕೆ ಹಾಕಿದರೆ ಹಸಿರು ಬಿಡುವುದೇ ಇಲ್ಲ. ಕ್ಯಾರೊಟೀನ್‌ನ ಹಳದಿ ಮಾತ್ರ ಇಳಿಯುತ್ತದೆ. ಒಂದಿಷ್ಟು ಆಲ್ಕೋಹಾಲ್ ಬೆರೆಸಿ ನೋಡಿ, ಹಸಿರೂ ತಟ್ಟನೆ ಬಿಟ್ಟುಕೊಳ್ಳುತ್ತದೆ.

ಯಾಕೆ ಹೀಗೆ? ಎಲೆಯೊಳಗೆ ಕ್ಲೋರೊಫಿಲ್ ಬೇರೆ ರೂಪದಲ್ಲಿರಬೇಕು, ಆಲ್ಕೋಹಾಲ್ ಅದನ್ನು ಬದಲಿಸಿ ಕರಗುವಂತೆ ಮಾಡುತ್ತದೆ ಎಂಬುದು ಆಗಿನ ಒಂದು ವಿವರಣೆ. ತ್ಸ್ವೆತ್ ಬೇರೆ ರೀತಿ ಯೋಚಿಸಿದರು. ಬಣ್ಣ ಬದಲಾಗುತ್ತಿಲ್ಲ, ಎಲೆಯೊಳಗಿನ ಅಂಗಾಂಶಕ್ಕೆ ಅಂಟಿಕೊಂಡಿದೆ ಅಷ್ಟೆ. ಆಲ್ಕೋಹಾಲ್ ಆ ಅಂಟನ್ನು ಬಿಡಿಸುತ್ತದೆ ಎಂದುಕೊಂಡರು. ಇದನ್ನು ಪರೀಕ್ಷಿಸಲು ಅವರು ಮಾಡಿದ ಪ್ರಯೋಗ ತೀರಾ ಸರಳವಾದದ್ದು. ಎಲೆಯ ಬಣ್ಣದ ದ್ರಾವಣದಲ್ಲಿ ಫಿಲ್ಟರ್ ಪೇಪರ್ ನೆನೆಸಿ ಒಣಗಿಸಿದರು. ಆ ಕಾಗದವನ್ನು ಪೆಟ್ರೋಲಿಯಂ ಈಥರ್‌ನಲ್ಲಿ ಅದ್ದಿದಾಗ ಕ್ಯಾರೊಟೀನ್ ಮಾತ್ರ ಇಳಿಯಿತು, ಹಸಿರು ಕಾಗದಕ್ಕೇ ಅಂಟಿ ಕೂತಿತು. ಆಲ್ಕೋಹಾಲ್ ಸೇರಿಸಿದ ಮೇಲೆ ಎಲ್ಲ ಬಿಟ್ಟವು. ಸತ್ತ ಕಾಗದವೂ ಜೀವಂತ ಎಲೆಯ ಹಾಗೆಯೇ ವರ್ತಿಸಿತು. ಅಲ್ಲಿಗೆ ಇದು ಜೀವದ ಗುಟ್ಟಲ್ಲ, ಅಂಟಿಕೊಳ್ಳುವಿಕೆಯ ಆಟ ಎಂದಾಯಿತು.

ಇಲ್ಲಿಗೆ ಬೇರೆಯವರಾಗಿದ್ದರೆ ಒಂದು ಲೇಖನ ಬರೆದು ಸುಮ್ಮನಾಗುತ್ತಿದ್ದರೇನೋ. ತ್ಸ್ವೆತ್ ಮುಂದಿನ ಪ್ರಶ್ನೆ ಕೇಳಿದರು: ಒಂದೊಂದು ಬಣ್ಣ ಒಂದೊಂದು ಬಲದಲ್ಲಿ ಅಂಟಿಕೊಳ್ಳುವುದಾದರೆ, ಆ ವ್ಯತ್ಯಾಸವನ್ನೇ ಹಿಡಿದು ಬಣ್ಣಗಳನ್ನು ಬೇರ್ಪಡಿಸಬಾರದೇಕೆ?

ನೂರಕ್ಕೂ ಹೆಚ್ಚು ಪುಡಿಗಳನ್ನು ಅವರು ಪರೀಕ್ಷಿಸಿದರು. ಅವರಿಗೆ ಹೆಚ್ಚು ಹಿಡಿಸಿದ್ದು ಸುಣ್ಣದ ಕಲ್ಲಿನ ಜಾತಿಯ ನುಣುಪು ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್. (ಹಳೆಯ ಕಾಲದ ಸೀಮೆಸುಣ್ಣ ಅಂದರೆ ಇದೇ. ಈಗಿನ ಚಾಕ್‌ಪೀಸ್ ಬಹುತೇಕ ಜಿಪ್ಸಂ, ಅದನ್ನು ಅರೆದು ಪ್ರಯೋಗಕ್ಕೆ ಕೂರಬೇಡಿ.) ಸಕ್ಕರೆ ಪುಡಿಯನ್ನೂ ಬಳಸುತ್ತಿದ್ದರು. ಪುಡಿಯನ್ನು ತೆಳು ಗಾಜಿನ ಕೊಳವೆಗೆ ಒತ್ತಿ ತುಂಬಿ, ಮೇಲಿನಿಂದ ಎಲೆಯ ಸಾರ ಸುರಿದು, ಅದರ ಹಿಂದೆಯೇ ಶುದ್ಧ ದ್ರವ ಹರಿಸಿದರು. ಹಸಿರು ಕಲೆ ಇಳಿಯುತ್ತಾ ಇಳಿಯುತ್ತಾ ಒಡೆಯಿತು. ಬಿಳಿ ಪುಡಿಯಲ್ಲಿ ಉಂಗುರಗಳ ಹಾಗೆ ಪಟ್ಟಿಗಳು ಮೂಡಿದವು: ನೀಲಿ ಛಾಯೆಯ ಒಂದು ಹಸಿರು, ಹಳದಿ ಛಾಯೆಯ ಇನ್ನೊಂದು ಹಸಿರು, ಹಲವು ಹಳದಿಗಳು. ಆ ಪುಡಿಗೆ ಅಂಟದ ಕ್ಯಾರೊಟೀನ್ ಎಲ್ಲರಿಗಿಂತ ಮೊದಲು ಕೆಳಗೆ ಜಾರಿ ಹೋಯಿತು. ಒಂದೇ ಎಂದು ಅನೇಕರು ನಂಬಿದ್ದ ಎಲೆಹಸಿರು ಎರಡು ಎಂದು ಕಣ್ಣಿಗೇ ಕಾಣುತ್ತಿತ್ತು.

ಈ ವಿಚಾರವನ್ನು 1903ರ ಮಾರ್ಚ್‌ನಲ್ಲಿ ವಾರ್ಸಾದ ನಿಸರ್ಗ ವಿಜ್ಞಾನಿಗಳ ಸಂಘದ ಸಭೆಯಲ್ಲಿ ಮಂಡಿಸಿದರು. 1906ರಲ್ಲಿ ಜರ್ಮನ್ ಸಸ್ಯವಿಜ್ಞಾನ ಸಂಘದ ಪತ್ರಿಕೆಯಲ್ಲಿ ಎರಡು ಲೇಖನ ಬರೆದು ವಿಧಾನಕ್ಕೆ ಹೆಸರಿಟ್ಟರು.

ಆ ಹೆಸರಿನದ್ದೇ ಒಂದು ತಮಾಷೆ ಇದೆ. ರಷ್ಯನ್‌ನಲ್ಲಿ 'ತ್ಸ್ವೆತ್' ಎಂದರೆ ಬಣ್ಣ. ಗ್ರೀಕ್‌ನಲ್ಲಿ 'ಕ್ರೋಮ' ಎಂದರೂ ಬಣ್ಣ, 'ಗ್ರಾಫೆ' ಎಂದರೆ ಬರವಣಿಗೆ. ಹಾಗಾಗಿ ತ್ಸ್ವೆತ್ ಗುಟ್ಟಾಗಿ ತನ್ನ ಹೆಸರನ್ನೇ ವಿಧಾನಕ್ಕೆ ಇಟ್ಟುಕೊಂಡರು ಎಂದು ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ, ಆದರೆ ಪುರಾವೆ ಇಲ್ಲ. ಕೊಳವೆಯಲ್ಲಿ ಬಣ್ಣದ ಪಟ್ಟಿ ಮೂಡುವ ವಿಧಾನಕ್ಕೆ ಯಾರೇ ಹೆಸರಿಟ್ಟರೂ ಸಹಜವಾಗಿ ಹೊಳೆಯುವ ಪದವೇ ಅದು. ಆದರೆ ಆ ಹೆಸರಿನಿಂದ ಒಂದು ತಪ್ಪು ಕಲ್ಪನೆ ಉಳಿದುಕೊಂಡಿದ್ದು ನಿಜ: ಕ್ರೊಮ್ಯಾಟೋಗ್ರಫಿ ಬಣ್ಣದ ವಸ್ತುಗಳಿಗೆ ಮಾತ್ರ ಎಂದು. ಬಣ್ಣವಿಲ್ಲದವನ್ನೂ ಹೀಗೇ ಬೇರ್ಪಡಿಸಬಹುದು ಎಂಬುದು ತ್ಸ್ವೆತ್ ಅವರಿಗೆ ಆಗಲೇ ಗೊತ್ತಿತ್ತು.

ದೊಡ್ಡವರು ಯಾಕೆ ನಂಬಲಿಲ್ಲ?

1907ರಲ್ಲಿ ತ್ಸ್ವೆತ್ ಬರ್ಲಿನ್‌ಗೆ ಹೋಗಿ ಜರ್ಮನ್ ಸಸ್ಯವಿಜ್ಞಾನ ಸಂಘದವರ ಮುಂದೆ ಬಣ್ಣದ ಪಟ್ಟಿಗಳಿದ್ದ ಕೊಳವೆಗಳನ್ನೇ ತೋರಿಸಿದರು. ನೋಡಿದ ಮೇಲೂ ರಸಾಯನಶಾಸ್ತ್ರದ ದೊಡ್ಡವರು ಒಪ್ಪಲಿಲ್ಲ. ಪೋಲಿಷ್ ರಸಾಯನಶಾಸ್ತ್ರಜ್ಞ ಲಿಯೊನ್ ಮಾರ್ಖ್ಲೆವ್ಸ್ಕಿ ಕಟುವಾಗಿ ಟೀಕಿಸಿದರು. ಜರ್ಮನಿಯ ರಿಚರ್ಡ್ ವಿಲ್‌ಸ್ಟೇಟರ್ ಅವರಿಗೆ ಅನುಮಾನವಿತ್ತು. ವಿಲ್‌ಸ್ಟೇಟರ್ ಎಂದರೆ ಸಾಮಾನ್ಯರಲ್ಲ, ಕ್ಲೋರೊಫಿಲ್ ಮೇಲಿನ ಕೆಲಸಕ್ಕೆ 1915ರ ನೊಬೆಲ್ ಪಡೆದವರು.

ಇದನ್ನು ಬರೀ ಅಸೂಯೆ ಎಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನಿಸುವುದಿಲ್ಲ. ಆ ಕಾಲದ ರಸಾಯನಶಾಸ್ತ್ರಕ್ಕೆ ಶುದ್ಧ ವಸ್ತು ಎಂದರೆ ಹರಳು. ಮೂಟೆಗಟ್ಟಲೆ ಒಣಗಿಸಿದ ತುರಿಕೆ ಸೊಪ್ಪಿನ ಎಲೆಯಿಂದ ಸಾರ ತೆಗೆದು, ತೂಗಿ ತೋರಿಸುವಷ್ಟು ಹರಳು ಮಾಡುವುದು ವಿಲ್‌ಸ್ಟೇಟರ್ ಅವರ ಪದ್ಧತಿ. ತ್ಸ್ವೆತ್ ಅವರ ಬಳಿ ಇದ್ದದ್ದು ತಕ್ಕಡಿಯಲ್ಲಿ ತೂಗಲೂ ಆಗದಷ್ಟು ಸೂಕ್ಷ್ಮವಾದ ಬಣ್ಣದ ಪಟ್ಟಿ. ಅವರು ಅದನ್ನು ಗುರುತಿಸುತ್ತಿದ್ದುದು ಯಾವ ಬೆಳಕನ್ನು ಹೀರುತ್ತದೆ ಎಂಬುದರಿಂದ. ಮೇಲಾಗಿ, ಬೇರೆಯವರು ಸರಿಯಿಲ್ಲದ ಪುಡಿ ಬಳಸಿ ಮಾಡಿದಾಗ ಕ್ಲೋರೊಫಿಲ್ ಕೊಳವೆಯಲ್ಲೇ ಕೆಡುತ್ತಿತ್ತು. ನಿಮ್ಮ ಪುಡಿಯೇ ಬಣ್ಣ ಕೆಡಿಸಿ ಹೊಸ ಪಟ್ಟಿ ಸೃಷ್ಟಿಸುತ್ತಿಲ್ಲ ಎಂದು ಹೇಗೆ ನಂಬುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ.

ತ್ಸ್ವೆತ್ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತಿದ್ದರು. ನೀವು ಮಾಡುವ ಹರಳು ಎಲೆಯೊಳಗಿದ್ದ ವಸ್ತುವೇ, ಅಥವಾ ನೀವು ಹರಳು ಮಾಡುವಾಗ ಹುಟ್ಟಿದ್ದೇ? ಹರಳಾದ ಕ್ಲೋರೊಫಿಲ್ ಎಂದು ಕರೆಯುತ್ತಿದ್ದ ವಸ್ತು ಎಲೆಯ ನಿಜವಾದ ಕ್ಲೋರೊಫಿಲ್ ಅಲ್ಲ ಎಂದು ಅವರು ವಾದಿಸಿದ್ದರು. ಅದು ನಿಜವಾಗಿತ್ತು: ಎಲೆಯ ಒಂದು ಕಿಣ್ವ ಆಲ್ಕೋಹಾಲ್ ಜೊತೆ ಸೇರಿ ಅದನ್ನು ತಯಾರಿಸುತ್ತಿತ್ತು ಎಂದು ಮುಂದೆ ವಿಲ್‌ಸ್ಟೇಟರ್ ಅವರ ತಂಡವೇ ತೋರಿಸಿತು. ಕ್ಲೋರೊಫಿಲ್ ಎರಡು ವಿಧ ಎಂಬುದನ್ನೂ ಅವರು ಒಪ್ಪಿಕೊಂಡರು. ಒಂದು ವಸ್ತುವನ್ನು ಬೇರ್ಪಡಿಸುವಾಗ ಅದನ್ನೇ ಹಾಳು ಮಾಡಬಾರದು ಎನ್ನುವ ತ್ಸ್ವೆತ್ ಅವರ ಈ ಹಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಪ್ರೋಟೀನ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

1910ರಲ್ಲಿ ತ್ಸ್ವೆತ್ ಎಲ್ಲವನ್ನೂ ಸೇರಿಸಿ ಸಸ್ಯ ಮತ್ತು ಪ್ರಾಣಿಗಳ ಬಣ್ಣದ ವಸ್ತುಗಳ ಮೇಲೆ ದೊಡ್ಡ ಪುಸ್ತಕ ಬರೆದರು. ಅದು ರಷ್ಯನ್ ಭಾಷೆಯಲ್ಲಿತ್ತು, ಪಶ್ಚಿಮ ಯುರೋಪಿನಲ್ಲಿ ಓದಬಲ್ಲವರು ಕಡಿಮೆ. ಆ ಪುಸ್ತಕಕ್ಕೆ ವಾರ್ಸಾ ವಿಶ್ವವಿದ್ಯಾಲಯ ಡಾಕ್ಟರೇಟ್ ನೀಡಿತು. ಜಿನೀವಾದ ಡಾಕ್ಟರೇಟ್ ಆಗಿ ಹದಿನಾಲ್ಕು ವರ್ಷಗಳ ನಂತರ ಎರಡನೆಯದು! ಮರುವರ್ಷ ಅವರು 'ಕ್ಯಾರೊಟಿನಾಯ್ಡ್' ಎಂಬ ಪದವನ್ನು ಟಂಕಿಸಿದರು. ಕಣ್ಣಿಗೆ ಕ್ಯಾರೆಟ್ ಒಳ್ಳೆಯದು ಎನ್ನುವ ಲೇಖನಗಳಲ್ಲೆಲ್ಲ ಇಂದು ಬರುವ ಪದ ಅದೇ.

ಯುದ್ಧ ಬೆನ್ನಟ್ಟಿದ ಕೊನೆಯ ವರ್ಷಗಳು

ಮೊದಲ ಮಹಾಯುದ್ಧ ಶುರುವಾಯಿತು. 1915ರಲ್ಲಿ ಜರ್ಮನ್ ಸೇನೆ ವಾರ್ಸಾಕ್ಕೆ ನುಗ್ಗಿದಾಗ ತ್ಸ್ವೆತ್ ಪಾಠ ಮಾಡುತ್ತಿದ್ದ ಪಾಲಿಟೆಕ್ನಿಕ್ ಸಂಸ್ಥೆಯನ್ನು ತೆರವು ಮಾಡಿದರು. ಮೊದಲು ಮಾಸ್ಕೋ, ನಂತರ ನಿಜ್ನಿ ನೊವ್ಗೊರೊದ್. 1917ರಲ್ಲಿ ಕೊನೆಗೂ ಅವರು ಬಯಸಿದ್ದ ಹುದ್ದೆ ಸಿಕ್ಕಿತು: ಇಂದಿನ ಎಸ್ಟೋನಿಯಾದ ತಾರ್ತು ಊರಿನ ವಿಶ್ವವಿದ್ಯಾಲಯದಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕ, ಜೊತೆಗೆ ಸಸ್ಯೋದ್ಯಾನದ ನಿರ್ದೇಶಕ. ಮರುವರ್ಷವೇ ಆ ಊರೂ ಜರ್ಮನ್ನರ ವಶವಾಯಿತು. ರಷ್ಯನ್ ಅಧ್ಯಾಪಕರು ಗಂಟುಮೂಟೆ ಕಟ್ಟಿ ವೊರೊನೆಜ್‌ಗೆ ಹೊರಟರು.

ಹೃದಯದ ಕಾಯಿಲೆ ಅವರನ್ನು ಆಗಲೇ ಹಿಂಡುತ್ತಿತ್ತು. 1919ರ ಜೂನ್ 26ರಂದು ವೊರೊನೆಜ್‌ನಲ್ಲಿ ತ್ಸ್ವೆತ್ ತೀರಿಕೊಂಡರು. ಆಗ ಅವರಿಗೆ 47 ವರ್ಷ. ಹಿಂದಿನ ವರ್ಷ, 1918ರಲ್ಲಿ, ನೆದರ್ಲೆಂಡ್ಸಿನ ಸಸ್ಯವಿಜ್ಞಾನಿ ವಾನ್ ವಿಸ್ಸೆಲಿಂಗ್ ಅವರು ರಸಾಯನಶಾಸ್ತ್ರದ ನೊಬೆಲ್‌ಗೆ ತ್ಸ್ವೆತ್ ಹೆಸರನ್ನು ಸೂಚಿಸಿದ್ದರು. ಬಹುಮಾನ ಬರಲಿಲ್ಲ. ಆದರೆ ಯಾರೂ ಅವರನ್ನು ಗುರುತಿಸಿರಲಿಲ್ಲ ಎಂಬ ಮಾತು ಸುಳ್ಳು ಎನ್ನುವುದಕ್ಕೆ ಇದೊಂದೇ ಸಾಕು. ಅಮೆರಿಕದಲ್ಲಿ ಲಿರಾಯ್ ಪಾಮರ್ ಎಂಬುವರು ತ್ಸ್ವೆತ್ ಬದುಕಿದ್ದಾಗಲೇ ಹಾಲು-ಬೆಣ್ಣೆಯ ಹಳದಿ ಬಣ್ಣವನ್ನು ಇದೇ ವಿಧಾನದಲ್ಲಿ ಅಧ್ಯಯನ ಮಾಡಿದ್ದರು.

ವಿಧಾನ ಜಗತ್ತಿನ ಮುಖ್ಯದಾರಿಗೆ ಬಂದದ್ದು 1931ರಲ್ಲಿ. ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ರಿಚರ್ಡ್ ಕೂನ್ ಅವರ ಲ್ಯಾಬ್‌ನಲ್ಲಿದ್ದ ಎಡ್ಗರ್ ಲೆಡರರ್ ಎಂಬ ಯುವಕ ತ್ಸ್ವೆತ್ ಕಾಲಂನಿಂದ ಮೊಟ್ಟೆಯ ಹಳದಿಯ ಬಣ್ಣಗಳನ್ನು ಬೇರ್ಪಡಿಸಿದರು. ಲೆಡರರ್ ಕೈಯಲ್ಲಿದ್ದದ್ದು ತ್ಸ್ವೆತ್ ಅವರ ರಷ್ಯನ್ ಪುಸ್ತಕದ ಜರ್ಮನ್ ಅನುವಾದದ ಪ್ರತಿ. ಅದನ್ನು ಮಾಡಿಸಿ ಇಟ್ಟುಕೊಂಡಿದ್ದವರು ಯಾರು ಗೊತ್ತೇ? ಅದೇ ವಿಲ್‌ಸ್ಟೇಟರ್. ಅವರ ಶಿಷ್ಯ ಕೂನ್ ಮೂಲಕ ಅದು ಲೆಡರರ್‌ಗೆ ತಲುಪಿತ್ತು.

ಜರಡಿಯಲ್ಲ, ತೇರುಬೀದಿ

ಇನ್ನು ಪ್ರೋಟೀನ್ ವಿಷಯಕ್ಕೆ ಬರೋಣ. ಪ್ರೋಟೀನ್ ಎಂದರೆ ನಾಜೂಕಿನ ಮಡಿಕೆ. ಮೊಟ್ಟೆಯ ಬಿಳಿಯನ್ನು ಬಿಸಿ ಮಾಡಿದರೆ ಬೆಳ್ಳಗೆ ಗಟ್ಟಿಯಾಗುತ್ತದಲ್ಲ, ಅದು ಮಡಿಕೆ ಬಿಚ್ಚಿದ ಪ್ರೋಟೀನ್. ಮತ್ತೆ ಮೊದಲಿನಂತೆ ಮಾಡಲಾಗದು. ಪುಡಿಗೆ ಬಿಗಿಯಾಗಿ ಅಂಟಿಕೊಂಡ ಪ್ರೋಟೀನನ್ನು ಬಿಡಿಸಲು ಕಟುವಾದ ದ್ರವ ಸುರಿದರೂ ಇದೇ ಗತಿ. ಹಾಗಾಗಿ ಪ್ರೋಟೀನ್ ಎಲ್ಲೂ ಅಂಟದೆ, ಕೇವಲ ತನ್ನ ಗಾತ್ರದಿಂದಲೇ ಬೇರ್ಪಡುವ ಕಾಲಂ ಬೇಕಿತ್ತು.

1950ರ ದಶಕದ ಮಧ್ಯದಲ್ಲಿ ಲಂಡನ್‌ನಲ್ಲಿ ಲೇಥ್ ಮತ್ತು ರತ್ವೆನ್ ಎಂಬಿಬ್ಬರು ನೀರಲ್ಲಿ ಉಬ್ಬಿದ ಪಿಷ್ಟದ ಕಣಗಳನ್ನು ಕೊಳವೆಗೆ ತುಂಬಿ ಅಣುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿದರು. 1959ರಲ್ಲಿ ಸ್ವೀಡನ್‌ನ ಉಪ್ಸಾಲದಲ್ಲಿ ಯೆರ್ಕರ್ ಪೊರಾಥ್ ಮತ್ತು ಪೆರ್ ಫ್ಲೋಡಿನ್ ಇದಕ್ಕಿಂತ ಗಟ್ಟಿಮುಟ್ಟಾದ ಜೆಲ್ ತಯಾರಿಸಿದರು. ಅದರ ಕಚ್ಚಾವಸ್ತು ಡೆಕ್ಸ್‌ಟ್ರಾನ್. ಸಕ್ಕರೆ ತಿಂದು ಡೆಕ್ಸ್‌ಟ್ರಾನ್ ಮಾಡುವ ಬ್ಯಾಕ್ಟೀರಿಯಾದ ಹೆಸರು ಲ್ಯುಕೋನೋಸ್ಟಾಕ್ ಮೆಸೆಂಟೆರಾಯ್ಡಿಸ್. ನಮ್ಮ ಇಡ್ಲಿ ಹಿಟ್ಟು ರಾತ್ರೋರಾತ್ರಿ ಉಬ್ಬುವುದಕ್ಕೆ ಮುಖ್ಯ ಕಾರಣವೂ ಇದೇ ಜಾತಿಯ ಬ್ಯಾಕ್ಟೀರಿಯಾ! (ದಯವಿಟ್ಟು ಇದನ್ನು 'ಇಡ್ಲಿಯಿಂದ ಔಷಧ' ಎಂದು ಫಾರ್ವರ್ಡ್ ಮಾಡಬೇಡಿ.)

ಈ ಕಾಲಂ ಕೆಲಸ ಮಾಡುವ ರೀತಿ ಮೊದಲ ಸಲ ಕೇಳುವವರಿಗೆ ತಲೆಕೆಳಗು ಎನಿಸುತ್ತದೆ. ಜರಡಿಯಲ್ಲಿ ಸಣ್ಣದು ಮೊದಲು ಬೀಳುತ್ತದೆ, ದೊಡ್ಡದು ಮೇಲೆ ಉಳಿಯುತ್ತದೆ. ಇಲ್ಲಿ ದೊಡ್ಡದೇ ಮೊದಲು ಹೊರಬರುತ್ತದೆ. ಜಾತ್ರೆಯ ದಿನ ತೇರುಬೀದಿಯನ್ನು ನೆನಪಿಸಿಕೊಳ್ಳಿ. ತೇರು ಯಾವ ಗಲ್ಲಿಗೂ ಹಿಡಿಸುವುದಿಲ್ಲ, ನೇರ ಬೀದಿಯಲ್ಲೇ ಸಾಗಿ ಆ ತುದಿ ಮುಟ್ಟುತ್ತದೆ. ಮಕ್ಕಳು ಸಿಕ್ಕಸಿಕ್ಕ ಗಲ್ಲಿಗೆಲ್ಲ ನುಗ್ಗಿ ಹೊರಬಂದು ತಡವಾಗಿ ತಲುಪುತ್ತಾರೆ. ಜೆಲ್‌ನ ಪ್ರತಿ ಮಣಿಯಲ್ಲೂ ಕಣ್ಣಿಗೆ ಕಾಣದ ರಂಧ್ರಗಳಿವೆ, ಅವೇ ಗಲ್ಲಿಗಳು. ಅಣುವಿನ ತೂಕವನ್ನು ಡಾಲ್ಟನ್ ಎಂಬ ಮಾನದಲ್ಲಿ ಅಳೆಯುತ್ತಾರೆ. ರಕ್ತದ ಒಂದು ಪ್ರತಿಕಾಯ ಸುಮಾರು 1,50,000 ಡಾಲ್ಟನ್, ಆಲ್ಬುಮಿನ್ ಸುಮಾರು 66,000, ಇನ್ಸುಲಿನ್ ಸುಮಾರು 5,800. ಸರಿಯಾದ ರಂಧ್ರದ ಜೆಲ್ ಆರಿಸಿದರೆ ಇದೇ ಕ್ರಮದಲ್ಲಿ ಒಂದರ ಹಿಂದೆ ಒಂದು ಇಳಿಯುತ್ತವೆ. ಗಾತ್ರ ಹತ್ತಿರ ಹತ್ತಿರ ಇದ್ದರೆ ಮಾತ್ರ ಬೇರೆಯಾಗುವುದು ಕಷ್ಟ. ಉದ್ದನೆಯ ಕಡ್ಡಿಯಂಥ ಪ್ರೋಟೀನ್ ತನ್ನ ತೂಕಕ್ಕಿಂತ ದೊಡ್ಡದಾಗಿ ವರ್ತಿಸಿ ಲೆಕ್ಕ ತಪ್ಪಿಸುವುದೂ ಉಂಟು. (ಮೇಲೆ ಹೇಳಿದ ಎಚ್‌ಬಿಎ1ಸಿ ಪರೀಕ್ಷೆಯ ಕಾಲಂ ಸಾಮಾನ್ಯವಾಗಿ ಗಾತ್ರದಿಂದಲ್ಲ, ವಿದ್ಯುದಾವೇಶದಿಂದ ಬೇರ್ಪಡಿಸುತ್ತದೆ. ಒಂದೇ ಮನೆತನ, ಬೇರೆ ಕವಲು.)

ಇದರಿಂದ ಏನಾಯಿತು ಎನ್ನುವುದಕ್ಕೆ ಇನ್ಸುಲಿನ್ ಕಥೆ ಸಾಕು. 1967ರಲ್ಲಿ ಷಿಕಾಗೋದ ಡೊನಾಲ್ಡ್ ಸ್ಟೈನರ್ ಇಂಥ ಕಾಲಂನಲ್ಲಿ ಇನ್ಸುಲಿನ್‌ಗಿಂತ ಮೊದಲೇ ಹೊರಬರುವ, ಅಂದರೆ ಅದಕ್ಕಿಂತ ದೊಡ್ಡದಾದ, ಒಂದು ವಸ್ತುವನ್ನು ಕಂಡರು. ಅದು ಪ್ರೊಇನ್ಸುಲಿನ್. ನಮ್ಮ ದೇಹ ಮೊದಲು ಇದನ್ನು ತಯಾರಿಸಿ, ಆಮೇಲೆ ಕತ್ತರಿಸಿ ಇನ್ಸುಲಿನ್ ಮಾಡುತ್ತದೆ. ಆಗ ಇನ್ಸುಲಿನ್ ಬರುತ್ತಿದ್ದದ್ದು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ, ಅದರಲ್ಲಿ ಪ್ರೊಇನ್ಸುಲಿನ್ ಮತ್ತಿತರ ಬೆರಕೆ ಇರುತ್ತಿತ್ತು. ಚುಚ್ಚಿದ ಜಾಗದಲ್ಲಿ ಕೆಲವರಿಗೆ ಅಲರ್ಜಿಯಾಗುತ್ತಿತ್ತು, ಇನ್ನು ಕೆಲವರಿಗೆ ಚರ್ಮದಡಿಯ ಕೊಬ್ಬು ಕರಗಿ ಗುಳಿ ಬೀಳುತ್ತಿತ್ತು. 1970ರ ದಶಕದಲ್ಲಿ ಕಾಲಂ ಹಾಯ್ದು ಬಂದ ಶುದ್ಧ ಇನ್ಸುಲಿನ್ ಮಾರುಕಟ್ಟೆಗೆ ಬಂದ ಮೇಲೆ ಈ ತೊಂದರೆಗಳು ತುಂಬಾ ಕಡಿಮೆಯಾದವು.

ತ್ಸ್ವೆತ್ ಅವರ ಇನ್ನೊಂದು ವಾದ ಬಾಕಿ ಇದೆ. ಜೀವಂತ ಎಲೆಯಲ್ಲಿ ಕ್ಲೋರೊಫಿಲ್ ಒಂಟಿಯಾಗಿರುವುದಿಲ್ಲ, ರಕ್ತದ ಹಿಮೋಗ್ಲೋಬಿನ್‌ನಲ್ಲಿ ಬಣ್ಣ ಪ್ರೋಟೀನ್ ಜೊತೆ ಇರುವಂತೆ ಇಲ್ಲೂ ಪ್ರೋಟೀನ್‌ಗೆ ಕಟ್ಟಿಕೊಂಡಿರುತ್ತದೆ ಎಂದು ಅವರು ನಂಬಿದ್ದರು. ಅದಕ್ಕೆ ಕ್ಲೋರೊಗ್ಲೋಬಿನ್ ಎಂದು ಹೆಸರನ್ನೂ ಇಟ್ಟಿದ್ದರು. ಹೆಸರು ಉಳಿಯಲಿಲ್ಲ, ವಿಚಾರ ಉಳಿಯಿತು. ಇಂದು ಸಂಶೋಧಕರು ಎಲೆಯಿಂದ ಫೋಟೋಸಿಸ್ಟಂ ಎಂಬ ಬೃಹತ್ ಪ್ರೋಟೀನ್ ಗುಂಪನ್ನು ಹದವಾಗಿ ಬಿಡಿಸಿ ಗಾತ್ರದ ಕಾಲಂನಲ್ಲಿ ಹರಿಸುತ್ತಾರೆ. ಲಕ್ಷಗಟ್ಟಲೆ ಡಾಲ್ಟನ್ ತೂಗುವ ಅದು ತೇರಿನ ಹಾಗೆ ಮೊದಮೊದಲೇ ಇಳಿಯುತ್ತದೆ. ಕೊಳವೆಯ ತುದಿಯಲ್ಲಿ ಹನಿಯುವ ಆ ಪ್ರೋಟೀನ್ ಹಸಿರಾಗಿರುತ್ತದೆ.